ಅಡ್ಡಹಲಗೆಯ ಹಿಂದಿನ ದಾಳ

"ಕಳ್ಳ ನನ್ಮಗನೇ! ಇಲ್ಲಿ ಬಿದ್ದಿರೋದು ಒಂದು. ಐದು ಅಂತ ಕೂಗ್ತೀಯಲ್ಲ, ಕಣ್ಣೇನು ಕುರುಡಾ ನಿಂಗೆ?"

ಲಾಯ್ಡ್ ಮೇಜಿನ ಮೇಲಿದ್ದ ಅಡ್ಡಹಲಗೆಯನ್ನು ಕಿತ್ತು ಬಿಸಾಡಿದ್ದ. ಅದರ ಹಿಂದೆ ಆರ್ವಿಡ್‌ನ ಕೈ, ಕೈಯ ಪಕ್ಕದಲ್ಲಿ ದಾಳ.

ಅಮೆರಿಕದ ಸರೋವರದ ದಂಡೆಯ ಊರು ಡುಲೂತ್‌ನ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಲಾಯ್ಡ್, ಡೆಲ್ಮರ್, ಆರ್ವಿಡ್ ಮೂವರೂ ನಕ್ಷೆಯ ಮೇಲೆ ಸೀಸದ ಹಡಗು, ವಿಮಾನಗಳನ್ನಿಟ್ಟು ಕಡಲಯುದ್ಧದ ಆಟ ಆಡುತ್ತಿದ್ದರು. ನಿಯಮಗಳನ್ನು ಬರೆದವನು ಆರ್ವಿಡ್, ತೀರ್ಪುಗಾರನೂ ಅವನೇ. ವಿಮಾನವಾಹಕ ಹಡಗಿನಿಂದ ಎದ್ದ ಟಾರ್ಪೆಡೊ ವಿಮಾನಗಳೂ ಅವುಗಳ ಕಾವಲು ವಿಮಾನಗಳೂ ಶತ್ರುವಿನ ಮೇಲೆ ಒಟ್ಟಿಗೆ ಬೀಳಬೇಕು. ದಾಳ ಒಂದೋ ಎರಡೋ ತೋರಿಸಿದರೆ ಮೋಡ ಅಡ್ಡ ಬಂದು ಕಾವಲು ತಪ್ಪಿತು ಎಂದು ಲೆಕ್ಕ. ಅಡ್ಡಹಲಗೆಯ ಹಿಂದೆ ಬಿದ್ದ ದಾಳವನ್ನು ತೀರ್ಪುಗಾರ ಮಾತ್ರ ನೋಡುತ್ತಿದ್ದ.

"ಹನ್ನೊಂದು ವರ್ಷದಲ್ಲಿ ಈ ಡೆಲ್ಮರ್‌ನ ಕಾವಲು ಒಂದು ಸಲನಾದ್ರೂ ತಪ್ಪಿದೆಯಾ? ನಂದು ಮಾತ್ರ ಕುರಿಮಂದೆ ಥರ ಚದುರಿ ಹೋಗುತ್ತೆ!"

ಡೆಲ್ಮರ್ ನಕ್ಕ. "ಬಿಡೋ ಮಾರಾಯ. ಆರ್ವಿಡ್ ಯುದ್ಧದಲ್ಲಿ ನಿಜವಾದ ಕಾವಲು ವಿಮಾನ ಹಾರಿಸಿದವನು. ನೀನು ಹಡಗಲ್ಲಿ ಆಲೂಗಡ್ಡೆ ಸುಲಿದವನು."

ಆರ್ವಿಡ್ ನಗಲಿಲ್ಲ. ಡೆಲ್ಮರ್‌ನ ಅಣ್ಣ ಐನಾರ್ ಆರ್ವಿಡ್‌ನ ಹಡಗಿನಿಂದಲೇ, ಅವನದೇ ಕಾವಲಿನಲ್ಲಿ ಟಾರ್ಪೆಡೊ ವಿಮಾನದಲ್ಲಿ ಹೋದವನು, ತಿರುಗಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ಆರ್ವಿಡ್ ಅವರ ಮನೆಗೆ ಹೋಗಿ, ತಾಯಿಯ ಮುಂದೆ ಕೂತು, "ಮೋಡ ಇತ್ತಮ್ಮ, ಅವರು ಕಾಣಲಿಲ್ಲ" ಅಂದಿದ್ದ. ಆ ತಾಯಿ ಅಂದಿನಿಂದ ಪ್ರತಿ ಚಳಿಗಾಲಕ್ಕೂ ಅವನಿಗೆ ಉಣ್ಣೆಯ ಕೈಗವಸು ಹೆಣೆದು ಕಳಿಸುತ್ತಿದ್ದಳು. ಈ ವರ್ಷದ್ದನ್ನು ಡೆಲ್ಮರ್ ಈಗ ತಾನೇ ತಂದುಕೊಟ್ಟಿದ್ದ. ಕಾಗದದ ಪೊಟ್ಟಣ ಮೇಜಿನ ಮೂಲೆಯಲ್ಲಿತ್ತು.

"ಮೋಡ ಇರ್ಲಿಲ್ಲ," ಅಂದ ಆರ್ವಿಡ್.

"ಯಾವತ್ತು?"

"ಐನಾರ್ ಹೋದ ದಿನ. ನನಗೆ ಅವರು ಕಾಣ್ತಿದ್ರು ಡೆಲ್ಮರ್. ಕೆಳಗೆ, ನೀರಿಗೆ ತಾಗೋ ಹಾಗೆ ಹೋಗ್ತಿದ್ರು. ಇಳಿದ್ರೆ ವಾಪಸ್ ಬರೋಕೆ ಎಣ್ಣೆ ಸಾಲಲ್ಲ ಅಂತ ಹೆದರಿ ತಿರುಗಿಸ್ಬಿಟ್ಟೆ."

ಲಾಯ್ಡ್ ಬಗ್ಗಿ ಹಲಗೆಯನ್ನು ಎತ್ತಿಕೊಂಡ, ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ.

"ಹಡಗಿಗೆ ಇಳಿದಾಗ ಎಷ್ಟು ಎಣ್ಣೆ ಉಳಿದಿತ್ತು?" ಡೆಲ್ಮರ್ ಮೆಲ್ಲಗೆ ಕೇಳಿದ.

ಸುಳ್ಳು ಹೇಳಬಹುದಿತ್ತು. ಹತ್ತೊಂಬತ್ತು ವರ್ಷ ಹೇಳಿ ಬಾಯಿಗೆ ಅಭ್ಯಾಸವಾಗಿತ್ತು.

"ಇನ್ನೂ ಅರ್ಧ ಗಂಟೆ ಹಾರೋಷ್ಟು."

ಡೆಲ್ಮರ್ ಎದ್ದ. ಕೋಟು ಹಾಕಿಕೊಂಡು ಗುಂಡಿಗಳನ್ನೆಲ್ಲ ಒಂದೊಂದಾಗಿ ಹಾಕಿದ. ನಕ್ಷೆಯ ಮೇಲೆ ಬಗ್ಗಿ, ತನ್ನ ನಾಲ್ಕು ಸೀಸದ ಕಾವಲು ವಿಮಾನಗಳನ್ನು ಬೆರಳಿನಿಂದ ದೂರದ ಅಂಚಿಗೆ ಸರಿಸಿದ.

"ದಾಳದಲ್ಲಿ ಒಂದು ತಾನೇ ಬಿದ್ದಿರೋದು," ಅಂದು ಮೆಟ್ಟಿಲು ಹತ್ತಿ ಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಸರೋವರ ಹೆಪ್ಪುಗಟ್ಟಿತು. ಆರ್ವಿಡ್ ಕೈಗವಸಿಲ್ಲದ ಬರಿಗೈಯಲ್ಲಿ ಚರ್ಚಿನ ಮೆಟ್ಟಿಲ ಹಿಮ ಗೋರಿ ಕೆಳಗಿಳಿಯುತ್ತಿದ್ದ. ಬಿಚ್ಚದ ಪೊಟ್ಟಣ ಮೇಜಿನ ಮೂಲೆಯಲ್ಲೇ ಇತ್ತು. ನಕ್ಷೆಯ ನಡುವೆ ಟಾರ್ಪೆಡೊ ವಿಮಾನಗಳು ಮಾತ್ರ ಶತ್ರುವಿನ ಕಡೆಗೆ ಮುಖ ಮಾಡಿ ನಿಂತಿದ್ದವು.