ನಾಲ್ಕು ಅಂಗಿಯ ಗುರಿ

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಬ್ಲಾಕ್ ಆಫೀಸಿನಿಂದ ಹೊಸ ಹುಕುಂ ಬಂತು. ಗ್ರಾಮಸೇವಕಿಯರು ಪ್ರತಿಯೊಬ್ಬ ಬಸುರಿಯ ಜೊತೆ ಕೂತು ಮೂರು ಗುರಿ ಬರೆಯಬೇಕು, ತಿಂಗಳು ತಿಂಗಳು ನೋಡಿ ಗುರುತು ಹಾಕಬೇಕು. ಶಿಕಾರಿಪುರದಿಂದ ಸೊರಬಕ್ಕೆ ಬಂದಿದ್ದ ಸೇವಕಿ ವರದಮ್ಮನ ಪುಸ್ತಕದಲ್ಲಿ ಗುರುತು ಬೀಳದ ಸಾಲೇ ಇರಲಿಲ್ಲ. ಹೇಗಿದ್ದೀತು? ಆಗದ ಗುರಿಯನ್ನು ಅವಳು ಬರೆಯುತ್ತಲೇ ಇರಲಿಲ್ಲ.

ಕುಪ್ಪಗಡ್ಡೆಯ ಲೋಕಮ್ಮನಿಗೆ ಹದಿನೈದು ವರ್ಷ, ಚೊಚ್ಚಲ ಬಸುರು. ದಿನಾ ಸೊಪ್ಪು ತಿನ್ನುವುದು, ಮಧ್ಯಾಹ್ನ ಒಂದು ಗಳಿಗೆ ಮಲಗುವುದು, ಇವೆರಡಕ್ಕೆ ಅತ್ತೆ ದುರ್ಗಮ್ಮ ಒಪ್ಪಿದ್ದಳು. ಮೂರನೆಯದು ಸೊರಬದ ಆಸ್ಪತ್ರೆಯಲ್ಲಿ ಹೆರಿಗೆ ಎಂದಾಗ ಮಾತ್ರ, “ಮೂರು ತಲೆಮಾರು ಈ ಕೋಣೇಲೇ ಹಡೆದೀವಿ ಕಣ್ರೀ” ಎಂದು ಮುಖ ತಿರುಗಿಸಿದಳು. ವರದಮ್ಮ ಹೆಚ್ಚು ಜಗ್ಗಾಡಲಿಲ್ಲ. ಬರೆದದ್ದನ್ನು ಹೊಡೆದುಹಾಕಿ, ‘ಕೂಸಿಗೆ ನಾಲ್ಕು ಅಂಗಿ ಹೊಲಿಯುವುದು’ ಎಂದು ಬರೆದಳು. ಕೂಸು ಹುಟ್ಟೋ ಮುಂಚೆ ಕುಲಾವಿ ಎಂದು ದುರ್ಗಮ್ಮ ನಕ್ಕಳೇ ಹೊರತು ಬೇಡವೆನ್ನಲಿಲ್ಲ.

ಎಂಟನೇ ತಿಂಗಳಲ್ಲಿ ವರದಮ್ಮ ಬಂದಾಗ ಹುಡುಗಿ ಅಂಗಿಗಳನ್ನು ಚಾಪೆಯ ಮೇಲೆ ಹರಡಿದಳು. ಹೊಲಿಗೆ ಅಚ್ಚುಕಟ್ಟಾಗಿತ್ತು. ಆದರೆ ಮೊದಲನೆಯದು ಗೇಣುದ್ದ, ಕೊನೆಯದು ಮೊಳಕ್ಕೂ ಹೆಚ್ಚು.

“ಇದೇನೇ, ಕೂಸಿನ ಅಳತೆಯಾ ಇದು?”

“ಇದು ಹುಟ್ಟಿದಾಗ, ಇದು ವರ್ಷಕ್ಕೆ, ಇದು ಎರಡಕ್ಕೆ. ಈ ದೊಡ್ಡದು ನಾಲ್ಕು ವರ್ಷಕ್ಕೆ ಆಗ್ಬೋದು ಕಣ್ರೀ. ಆಮೇಲೆ ಹೊಲಿಯಕ್ಕೆ ನಾನಿರಲ್ವಲ್ಲ.”

ಸಾರಿಗೆ ಉಪ್ಪು ಸಾಲದು ಎನ್ನುವಷ್ಟು ಸಲೀಸಾಗಿ ಹೇಳಿದಳು.

“ಎಲ್ಲಿಗೆ ಹೋಗ್ತೀಯೆ?”

“ಅವ್ವ ನನ್ನ ಹಡೆದು ಹೋದ್ಲು. ಅಕ್ಕ ಹೋದ್ವರ್ಷ ಚೊಚ್ಚಲಲ್ಲೇ ಹೋದ್ಲು. ನೀವು ಆಸ್ಪತ್ರೆ ಅಂತ ಬರ್ದಾಗ ಒಂಚೂರು ಆಸೆ ಆಗಿತ್ತು. ಹೊಡೆದುಹಾಕಿದ್ರಿ. ನಿಮಗೂ ಗೊತ್ತಿದೆ ಅಂದ್ಕೊಂಡೆ.”

ವರದಮ್ಮ ಐದು ಸಲ ಬಂದು ಸೊಪ್ಪಿನ ವಿಚಾರ ಕೇಳಿದ್ದಳು. ನಿನ್ನ ಅವ್ವ ಎಲ್ಲಿದ್ದಾಳೆ ಎಂದು ಒಮ್ಮೆಯೂ ಕೇಳಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ದೊಡ್ಡ ಅಂಗಿಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ದುರ್ಗಮ್ಮನ ಕೈಗಿಟ್ಟಳು. ಅದು ಯಾಕೆ ಅಷ್ಟು ದೊಡ್ಡದು ಎಂಬುದನ್ನೂ ಹೇಳಿದಳು. “ಹೆರಿಗೆ ಆಗೋತನಕ ಸೊರಬದಲ್ಲಿ ನನ್ನ ಮನೇಲಿರ್ಲಿ. ಆಸ್ಪತ್ರೆ ಪಕ್ಕದಲ್ಲೇ ಇದೆ.”

ದುರ್ಗಮ್ಮ ಅಂಗಿಯನ್ನು ಬಿಡಿಸಿ ನೋಡಿದಳು. ತೋಳು ನೋಡಿದಳು, ಗುಂಡಿ ನೋಡಿದಳು. ಅವಳ ಬಾಯಿಂದ ತಲೆಮಾರಿನ ಮಾತು ಬರಲಿಲ್ಲ.

“ಗಾಡಿ ಕಟ್ಟಿಸ್ತೀನಿ,” ಎಂದಳು ಕಡೆಗೆ.

ಚಾಪೆಯ ಮೇಲೆ ಕೂತೇ ಅದನ್ನು ಕೇಳಿಸಿಕೊಂಡ ಲೋಕಮ್ಮ ಅಷ್ಟು ತಿಂಗಳಲ್ಲಿ ಮೊದಲ ಸಲ ಅತ್ತಳು. “ನಂಗೆ ಸಾಯಕ್ಕೆ ಮನಸಿಲ್ಲ ಕಣ್ರೀ,” ಎಂದಳು.