ಗಂಗಾಧರಯ್ಯ ಮೇಷ್ಟ್ರಿಗೆ ಬಂದ ಒಂದು ಚೀಟಿ

ಗಂಗಾಧರಯ್ಯ ಮೇಷ್ಟ್ರು ಹತ್ತನೇ ಕ್ಲಾಸಿಗೆ ಕಾಲಿಟ್ಟರೆ ಸೊಳ್ಳೆ ಕೂಡ ಸದ್ದಡಗಿಸುತ್ತಿತ್ತು. ಪಾವಗಡದ ಆಚೆಗಿನ ಆ ಸರ್ಕಾರಿ ಹೈಸ್ಕೂಲಿನಲ್ಲಿ ಉಳಿದವರ ತರಗತಿಯೆಂದರೆ ಸಂತೆ. ಇವರ ವಿಜ್ಞಾನದ ಪಾಠದಲ್ಲಿ ಮಾತ್ರ ಪಿಟ್ಟೆನ್ನುವವರಿಲ್ಲ. ಅದನ್ನವರು ಮೂವತ್ತು ವರ್ಷ ಗೌರವವೆಂದೇ ನಂಬಿಕೊಂಡು ಬಂದಿದ್ದರು. ಪಾಪ, ಅಲ್ಲವೆಂದು ಯಾರೂ ಹೇಳಿರಲಿಲ್ಲ.

ಆ ಶಾಲೆಯಲ್ಲೊಂದು ಪದ್ಧತಿ. ಜನವರಿ ಬಂತೆಂದರೆ ಹತ್ತನೇ ಕ್ಲಾಸಿನ ಮಕ್ಕಳನ್ನು ಮೇಷ್ಟ್ರುಗಳು ಹಂಚಿಕೊಂಡು ದತ್ತು ತೆಗೆದುಕೊಳ್ಳಬೇಕು. ಪರೀಕ್ಷೆ ಮುಗಿಯುವವರೆಗೆ ದಿನಾ ಬೆಳಗಿನ ಐದಕ್ಕೆ ಅವರ ಮನೆಗೆ ಫೋನ್ ಮಾಡಿ ಎಬ್ಬಿಸಬೇಕು, ಓದಲು ಕೂರಿಸಬೇಕು. ಗಂಗಾಧರಯ್ಯ ಪ್ರತಿವರ್ಷ ಪಟ್ಟಿಯನ್ನು ಮಡಚಿ ಜೇಬಿಗಿಡುತ್ತಿದ್ದರೇ ಹೊರತು ಒಂದು ದಿನವೂ ಫೋನ್ ಮಾಡಿದವರಲ್ಲ. "ನಾನು ಮೇಷ್ಟ್ರು ಕಣ್ರೀ, ಹುಂಜ ಅಲ್ಲ" ಎಂದು ಸ್ಟಾಫ್ ರೂಮಿನಲ್ಲಿ ನಗಿಸುತ್ತಿದ್ದರು. ಮಕ್ಕಳ ಮನೆಗೆ ಅವರ ಫೋನ್ ಹೋಗುತ್ತಿದ್ದುದು ಒಂದೇ ಕಾರಣಕ್ಕೆ, ದೂರು ಹೇಳಲು.

ಈ ವರ್ಷ ಹೆಡ್‌ಮಿಸ್ ದಾಕ್ಷಾಯಣಮ್ಮ ಹೊಸ ವರಸೆ ತೆಗೆದರು. ಯಾವ ಮೇಷ್ಟ್ರು ಬೇಕೆಂದು ಮಕ್ಕಳೇ ಚೀಟಿಯಲ್ಲಿ ಬರೆದುಕೊಡಲಿ ಎಂದರು.

"ನಂಗೆ ಹತ್ತಕ್ಕಿಂತ ಜಾಸ್ತಿ ಕಳಿಸಬೇಡಿ ಮೇಡಂ" ಎಂದರು ಗಂಗಾಧರಯ್ಯ, ಬೇಡ ಬೇಡ ಎನ್ನುತ್ತಲೇ ಎಲೆ ಮುಂದೆ ಕೂರುವ ನೆಂಟನ ಹಾಗೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಮೂರೂವರೆಗೇ ಎಚ್ಚರ. ಪಾವಗಡದ ಬಾಡಿಗೆ ಕೋಣೆಯಲ್ಲಿ ಬೆಳಗಾಗುವುದನ್ನು ಕಾಯುವುದೇ ಒಂದು ಕೆಲಸ. ಬರುವ ಮೇ ತಿಂಗಳಿಗೆ ನಿವೃತ್ತಿ. ಕೊನೆಯ ವರ್ಷವಾದರೂ ಒಂದಷ್ಟು ಮಕ್ಕಳು ತಮ್ಮನ್ನು ಬಯಸಲಿ ಎಂಬ ಆಸೆ ಅವರನ್ನು ಒಳಗೊಳಗೇ ಕುಟುಕುತ್ತಿತ್ತು.

ಚೀಟಿ ಬಿಚ್ಚಿದರು. ನಲವತ್ತೊಂದು ಮಕ್ಕಳಲ್ಲಿ, ಸದಾ ಗಲಾಟೆಯ ಕ್ಲಾಸಿನ ಕನ್ನಡ ಟೀಚರು ಮಧುಶ್ರೀಗೆ ಹದಿನೇಳು. ಗಂಗಾಧರಯ್ಯನವರಿಗೆ ಒಂದು.

ಆ ಒಂದು ಮಂಜುಳಾಳದು. ಕೊನೆಯ ಬೆಂಚಿನ ಹುಡುಗಿ, ಪಾಠದ ನಡುವೆ ತೂಕಡಿಸುತ್ತಾಳೆಂದು ಅವರು ವಾರಕ್ಕೆ ಮೂರು ಸಲ ಎಬ್ಬಿಸಿ ನಿಲ್ಲಿಸುತ್ತಿದ್ದವಳು. ಮಧ್ಯಾಹ್ನ ಊಟದ ಸಾಲಿನಿಂದ ಅವಳನ್ನು ಕರೆದರು. ಇವಳಿಗಾದರೂ ನಾನು ಬೇಕಾದೆನಲ್ಲ ಎಂದು ಎದೆ ಸ್ವಲ್ಪ ಹಗುರಾಗಿತ್ತು.

"ನನ್ನ ಹೆಸರು ಯಾಕಮ್ಮ ಬರೆದೆ?"

ಹುಡುಗಿ ಕೈಲಿದ್ದ ತಟ್ಟೆ ನೋಡಿಕೊಂಡಳು. "ನೀವ್ ಫೋನ್ ಮಾಡಕಿಲ್ವಲ್ಲ ಸಾ, ಅದ್ಕೆ."

"ಹೋಗು, ಊಟ ಮಾಡು" ಎಂದರು. ಸಂಜೆ ಬಸ್ಸಿನಲ್ಲಿ ಕೂತಾಗ ಅವಮಾನವೆನ್ನಿಸಿತು. ಕೋಣೆಯ ಬೀಗ ತೆಗೆಯುವಾಗ, ಈ ಲೋಕದಲ್ಲಿ ತಮಗೆ ಯಾರೆಂದರೆ ಯಾರೂ ಇಲ್ಲವೆನ್ನಿಸಿತು.

ಮರುದಿನ ಐದು ಗಂಟೆಗೆ ಸರಿಯಾಗಿ ಅವಳ ಮನೆಗೆ ಫೋನ್ ಹಚ್ಚಿದರು. ತೆಗೆದದ್ದು ತಾಯಿ ನರಸಿಂಹಮ್ಮ.

"ಅಮ್ಮಾ, ನಾನು ಮಂಜುಳಾನ ಸೈನ್ಸ್ ಮೇಷ್ಟ್ರು, ಗಂಗಾಧರಯ್ಯ."

"ಅಯ್ಯೋ ದೇವುಡಾ! ಏನ್ ಮಾಡವ್ಳೆ ಸಾಮಿ ನಮ್ಮುಡ್ಗಿ?"

"ಏನೂ ಮಾಡಿಲ್ಲಮ್ಮ. ಓದೋಕೆ ಎದ್ದಳಾ ಅಂತ ಕೇಳೋಣ ಅಂತ."

"ಎದ್ಲಾ ಅಂದ್ರೆ? ಮೂರ್ ಗಂಟೆಗೇ ಎದ್ದು ಹೂ ಬಿಡಿಸೋಕೆ ತೋಟಕ್ಕೋದ್ಲು ಸಾ. ಬಸ್ ಬರೋಷ್ಟ್ರಲ್ಲಿ ಹೂವಿನ್ ಮೂಟೆ ಕಟ್ಬೇಕಲ್ಲ. ದಿನಾ ಇಂಗೇಯ."

ಮೂರು ಗಂಟೆ. ತಮಗಿಂತ ಮೊದಲೇ ಏಳುವವಳನ್ನು ಎಬ್ಬಿಸಲು ಹೊರಟಿದ್ದರು. ಅವಳನ್ನೇ ವರ್ಷವಿಡೀ ನಿದ್ದೆಬುರುಕಿ ಎಂದು ನಿಲ್ಲಿಸಿದ್ದರು. ಮೇಷ್ಟ್ರು ಫೋನನ್ನು ಕಿವಿಗೆ ಹಿಡಿದೇ ಕೂತರು. ಆ ಮೌನಕ್ಕೆ ನರಸಿಂಹಮ್ಮ ಬೇರೆಯೇ ಅರ್ಥ ಹಚ್ಚಿಕೊಂಡಳು.

"ನನ್ತಾವ ಮುಚ್ಚಿಡ್ಬ್ಯಾಡಿ ಸಾಮಿ. ನೀವು ಸುಮ್ಸುಮ್ಕೆ ಫೋನ್ ಮಾಡೋರಲ್ಲ. ಏನೋ ಮಾಡವ್ಳೆ. ಬರ್ಲಿ ಮನೀಗೆ, ನಾಲ್ಕ್ ಬುಡ್ತೀನಿ."

"ಬೇಡಮ್ಮ, ಹೊಡೀಬೇಡಿ, ಅವಳದೇನೂ ತಪ್ಪಿಲ್ಲ..."

ಫೋನ್ ಕಟ್ಟಾಗಿತ್ತು. ಮತ್ತೆ ಮಾಡಿದರು, ಎತ್ತಲಿಲ್ಲ. ಆರು ಸಲ ಮಾಡಿದರು. ಒಂದೊಂದು ಸಲ ಗಂಟೆ ಹೊಡೆದಾಗಲೂ ಆ ಮನೆಯಲ್ಲಿ ಹುಡುಗಿಯ ತಪ್ಪು ಇನ್ನಷ್ಟು ದೊಡ್ಡದಾಗುತ್ತಿದೆಯೆಂದು ಹೊಳೆದು ನಿಲ್ಲಿಸಿದರು. ಅಂಗಿ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೆಚ್ಚುಕಡಿಮೆ ಓಡಿದರು. ಆಗಿನ್ನೂ ಐದೂವರೆ. ಮಂಜುಳಾಳ ಊರಿಗೆ ಮೊದಲ ಬಸ್ಸು ಏಳು ಗಂಟೆಗಿತ್ತು.