ಎಂಟು ತಿಂಗಳು ಲೇಟಾದ ಕುರ್ಚಿ

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇದೆ. ನನ್ನ ಹೆಸರು ಗಣೇಶಮೂರ್ತಿ. ಇಡ್ಲಿ ಚೆನ್ನಾಗಿ ಮಾಡುತ್ತೇನೆ, ಬಿಟ್ಟಿ ಸಲಹೆ ಅದಕ್ಕಿಂತ ಧಾರಾಳವಾಗಿ ಕೊಡುತ್ತೇನೆ. ಈ ಕಥೆಯಲ್ಲಿ ತಪ್ಪು ಸಲಹೆ ಕೊಟ್ಟವನು ನಾನೇ.

ನಮ್ಮ ಸ್ಟ್ಯಾಂಡಿನ ಬಸ್ ಏಜೆಂಟ್ ಪುಷ್ಪರಾಜ್. "ಸಾಗರಾ... ಹೊಸನಗರಾ... ತೀರ್ಥಳ್ಳಿ!" ಎಂದು ಅವರು ಕೂಗಿದರೆ ನನ್ನ ಲೋಟಗಳು ಅದುರುತ್ತಿದ್ದವು. ಅವರು 'ರೈಟ್' ಅನ್ನದೆ ಯಾವ ಬಸ್ಸೂ ಹೊರಡುವಂತಿರಲಿಲ್ಲ. ಎರಡು ನಿಮಿಷ ತಡವಾದರೆ ಡ್ರೈವರಿಗೆ ಮಂಗಳಾರತಿ.

ಹೋದ ವರ್ಷ ನಡೆಯುವಾಗ ಅವರ ಕಾಲಿಂದ ಚಪ್ಪಲಿ ಜಾರತೊಡಗಿತು. "ಹೊಸದು ತಗೊಳ್ಳಿ ಮಾರಾಯ್ರೆ, ಎಂಥ ಜಿಪುಣತನ!" ಎಂದು ನಾವೆಲ್ಲ ನಕ್ಕೆವು. ಆಮೇಲೆ ಮಾತು ತೊದಲಿತು, ಕೈ ಹಿಡಿತ ಸಡಿಲವಾಯಿತು. ಮಣಿಪಾಲದ ಡಾಕ್ಟರು ಪರೀಕ್ಷೆ ಮಾಡಿ, ನರಗಳ ಕಾಯಿಲೆ, ಎಎಲ್‌ಎಸ್ ಅಂದರು. ಬೀಳುವ ಮೊದಲೇ ವೀಲ್‌ಚೇರ್ ತೆಗೆದುಕೊಳ್ಳಿ ಎಂದೂ ಹೇಳಿದರು.

"ಸ್ಟ್ಯಾಂಡಿಗೆ ಹೋದ್ರೆ ನಡ್ಕೊಂಡೇ ಹೋಗ್ತೀನಿ. ತಳ್ಳಿಸ್ಕೊಂಡು ಹೋಗಲ್ಲ," ಎಂದರು ಪುಷ್ಪರಾಜ್.

"ಸರಿಯಾಗಿ ಹೇಳಿದ್ರಿ," ಎಂದೆ ನಾನು. "ಕುರ್ಚಿ ಹತ್ತಿದ್ರೆ ಕಾಲಿಗೆ ನಡೆಯೋದೇ ಮರೆತು ಹೋಗುತ್ತೆ. ದಿನಾ ಅಂಗಳದಲ್ಲಿ ಹತ್ತು ಸುತ್ತು ಹಾಕಿ." ಜೊತೆಗೆ ತಿಕ್ಕಲು ಒಂದು ಬಾಟಲಿ ಎಣ್ಣೆಯನ್ನೂ ಕೊಟ್ಟು ಬಂದೆ.

ಎಂಟು ತಿಂಗಳು ಅವರು ಗೇಟು ದಾಟಲಿಲ್ಲ. ಮನೆ ಸ್ಟ್ಯಾಂಡಿನ ಹಿಂದೆಯೇ. ಹಾರ್ನ್ ಕೇಳಿದಾಗಲೆಲ್ಲ ಗಡಿಯಾರ ನೋಡಿ, "ಹುಲಿಯಪ್ಪನ ಬಸ್ಸು ಮೂರು ನಿಮಿಷ ಲೇಟು," ಎಂದು ಹೆಂಡತಿ ತ್ರಿಶಲಾಗೆ ಹೇಳುತ್ತಿದ್ದರಂತೆ. ಒಂದು ದಿನ ನಾನು ಹೇಳಿದ ಸುತ್ತು ಹಾಕುವಾಗಲೇ ಬಿದ್ದರು. ಹಣೆಗೆ ಮೂರು ಹೊಲಿಗೆ. ನನಗೆ ಆ ಮನೆಗೆ ಹೋಗಲೂ ನಾಚಿಕೆಯಾಯಿತು.

ಆದರೂ ಹೋದೆ. ಅಲ್ಲಿ ಸ್ವಪ್ನಾ ಕೂತಿದ್ದಳು. ಅಂಗವಿಕಲರ ಸೌಲಭ್ಯ ನೋಡಿಕೊಳ್ಳಲು ಪಂಚಾಯಿತಿಯಲ್ಲಿ ಕೆಲಸ ಮಾಡುವ ಹುಡುಗಿ.

"ಅಣ್ಣ, ಇದು ಅಂಟುರೋಗ ಅಲ್ಲ, ಯಾರ ಶಾಪಾನೂ ಅಲ್ಲ. ಕೈಕಾಲು ಆಡಿಸೋ ನರಗಳು ಸೊರಗ್ತಾ ಹೋಗ್ತವೆ. ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಬಂದಿಲ್ಲ. ಸುಸ್ತಾಗೋ ತನಕ ನಡೆದ್ರೆ ಶಕ್ತಿ ಬರಲ್ಲ, ಇರೋದೂ ಖರ್ಚಾಗುತ್ತೆ," ಎಂದಳು ಪುಷ್ಪರಾಜರಿಗೆ.

ನಾನು ಸುಮ್ಮನಿರಬೇಕಲ್ಲ! "ಹಂಗಾದ್ರೆ ಕೈಯಲ್ಲಿ ತಿರುಗಿಸೋ ಮೂರು ಗಾಲಿ ಸೈಕಲ್ ತರ್ಸೋಣ. ನಮ್ಮ ನೆಂಟ್ರ ಮನೇಲಿದೆ."

"ಅವರ ಕೈಗೂ ಶಕ್ತಿ ಕಮ್ಮಿಯಾಗ್ತಿದೆ ಮೂರ್ತಿಯವ್ರೇ. ತಿರುಗಿಸೋಕೆ ನೀವು ಬರ್ತೀರಾ? ಬೆನ್ನು ಎತ್ತರ ಇರೋ, ಕುತ್ತಿಗೆಗೆ ಆಸರೆ ಕೊಡೋ ಕುರ್ಚಿ ಬೇಕು. ಫಿಸಿಯೋಥೆರಪಿಯವರು ಅಳತೆ ನೋಡಿ ಹೇಳ್ತಾರೆ."

ಪುಷ್ಪರಾಜ್ ತೊದಲುತ್ತ ಹೇಳಿದರು, "ನೋಡೋಣ... ಮಳೆಗಾಲ ಕಳೀಲಿ."

"ಎರಡು ನಿಮಿಷಕ್ಕೆ ಡ್ರೈವರಿಗೆ ಬೈತಿದ್ರಂತೆ. ನೀವೇ ಎಂಟು ತಿಂಗಳು ಲೇಟಾಗಿದೀರಲ್ಲ ಅಣ್ಣ!" ಎಂದಳು ಸ್ವಪ್ನಾ.

ತ್ರಿಶಲಾ ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ಪುಷ್ಪರಾಜರೇ ಜೋರಾಗಿ ನಕ್ಕುಬಿಟ್ಟರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

"ಆದ್ರೆ ಇದ್ದದ್ದೆಲ್ಲ ಆಸ್ಪತ್ರೆಗೇ ಹೋಯ್ತಲ್ಲೇ ಸ್ವಪ್ನಾ," ಎಂದರು ತ್ರಿಶಲಾ.

"ಮೊದಲು ಅಂಗವಿಕಲರಿಗೆ ಸರ್ಕಾರ ಕೊಡೋ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ಹಾಕೋಣ ಅಕ್ಕ. ಆಮೇಲೆ ಮಾಸಾಶನ, ಸಲಕರಣೆಗೂ ಕೇಳೋಣ. ಎಲ್ಲಾ ಸಿಕ್ಕೇ ಸಿಗುತ್ತೆ ಅನ್ನಲ್ಲ. ಕೇಳದೆ ಇದ್ರೆ ಯಾವ್ದೂ ಸಿಗಲ್ಲ."

ಅರ್ಜಿಗೆ ಸಮಯ ಹಿಡಿಯುತ್ತದೆ ಎಂದು ಡ್ರೈವರು, ಕಂಡಕ್ಟರುಗಳೇ ಕುರ್ಚಿಗೆ ದುಡ್ಡು ಒಟ್ಟು ಮಾಡಿದರು. "ಭಿಕ್ಷೆ ಬೇಡ," ಎಂದು ಪುಷ್ಪರಾಜ್ ಮುಖ ತಿರುಗಿಸಿದರು.

ತೀರ್ಥಹಳ್ಳಿ ಬಸ್ಸಿನ ಡ್ರೈವರ್ ಹುಲಿಯಪ್ಪನಿಗೆ ಸಿಟ್ಟೇ ಬಂತು. "ನನ್ನ ಕಾಲು ಮುರಿದಾಗ ಬಸ್ಸಿಂದ ಬಸ್ಸಿಗೆ ಹತ್ತಿ ದುಡ್ಡು ಎತ್ತಿದ್ದು ಯಾರು? ಅವತ್ತು ನನಗೆ ಕೊಟ್ಟಿದ್ದು ಭಿಕ್ಷೆನಾ?"

ಪುಷ್ಪರಾಜ್ ಮುಖ ಈ ಕಡೆ ತಿರುಗಿಸಿ, "ಅಳತೆಯವರನ್ನ ಕರ್ಸಿ," ಎಂದರು.

ಕುರ್ಚಿ ಬಂತು. ಮೆಟ್ಟಿಲಿಗೆ ಇಳಿಜಾರಾಗಿ ಗಟ್ಟಿ ಹಲಗೆ ಕೂರಿಸಿದೆವು. ಕುರ್ಚಿಯ ಕೈಗೆ, ಬೆರಳು ಮುಟ್ಟಿದರೆ ಸದ್ದು ಮಾಡುವ ಒಂದು ಬೆಲ್ ನಾನು ಹಾಕಿಸಿದೆ. ಇಡೀ ಕಥೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ.

ಮೊದಲ ದಿನ ತ್ರಿಶಲಾ ಗಂಡನನ್ನು ಸ್ಟ್ಯಾಂಡಿಗೆ ತಳ್ಳಿಕೊಂಡು ಬಂದರು. ಹುಲಿಯಪ್ಪ ಬಸ್ ಸ್ಟಾರ್ಟ್ ಮಾಡಿ ಸುಮ್ಮನೆ ಕೂತ. "ಯಾಕಪ್ಪಾ, ಹೊರಡಲ್ವಾ?" ಎಂದು ಒಳಗಿನಿಂದ ಯಾರೋ ಕೇಳಿದರು.

"ಏಜೆಂಟ್ರು ಹೇಳ್ಬೇಕಲ್ಲ!"

ಪುಷ್ಪರಾಜ್ ಗಡಿಯಾರ ನೋಡಿದರು. ಇನ್ನೂ ಒಂದು ನಿಮಿಷ ಇತ್ತು. ಪೂರ್ತಿ ಕಾಯಿಸಿ ಬೆಲ್ ಒತ್ತಿದರು. ಬಸ್ ಹೊರಟಿತು. ನನ್ನ ಕಣ್ಣು ತುಂಬಿತು. ಸಾಂಬಾರಿನ ಹಬೆ ಅಂದೆ, ಯಾರೂ ನಂಬಲಿಲ್ಲ.

ನಿಮ್ಮ ಕೇರಿಯಲ್ಲೂ ಇಂಥವರು ಇರಬಹುದು. ನನ್ನ ಹಾಗೆ ಎಣ್ಣೆ ಬಾಟಲಿ ಹಿಡಿದು ಹೋಗಬೇಡಿ. ಡಾಕ್ಟರ ಮಾತು ಕೇಳಿ, ಸರಿಯಾದ ಅಳತೆಯ ಕುರ್ಚಿ ಬೇಗ ಕೊಡಿಸಿ, ಪಂಚಾಯಿತಿಗೆ ಹೋಗಿ ಸೌಲಭ್ಯ ವಿಚಾರಿಸಿ, ಕೈಲಾದಷ್ಟು ದುಡ್ಡು ಸೇರಿಸಿ. ಈ ಕಾಯಿಲೆ ಯಾರ ಸಂಕೋಚಕ್ಕೂ ಕಾಯುವುದಿಲ್ಲ. ನಾವು ಎಂಟು ತಿಂಗಳು ಲೇಟು. ನೀವು ಇವತ್ತೇ ಹೊರಡಿ. ರೈಟ್!